ಎದೆಯ ಬಡಿತಕ್ಕೆ ಕಿವಿಗೊಟ್ಟ ಕಥೆ

ಗುಬ್ಬಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯವನ್ನು ಕುರಿತ ಸಂವಾದವೊಂದನ್ನು ನಾವು ಚಿತ್ರೀಕರಿಸುತ್ತಿದ್ದೆವು. ಅತಿಥಿಯಾಗಿ ಬಂದಿದ್ದ ಮನೋವೈದ್ಯೆ ಮಾತಿನ ನಡುವೆ ಒಂದು ಸಣ್ಣ ಪ್ರಯೋಗ ಮಾಡಿಸಿದರು. ಕಣ್ಣು ಮುಚ್ಚಿ ಕುಳಿತು, ಕೈಯಿಂದ ಎಲ್ಲಿಯೂ ನಾಡಿ ಮುಟ್ಟದೆ, ಮೂವತ್ತು ಸೆಕೆಂಡುಗಳ ಕಾಲ ಎದೆಯ ಬಡಿತವನ್ನು ಒಳಗಿನಿಂದಲೇ ಎಣಿಸಬೇಕು. ಅದೇ ಹೊತ್ತಿನಲ್ಲಿ ಪಕ್ಕದವರು ಮಣಿಕಟ್ಟಿನ ನಾಡಿ ಹಿಡಿದು ಎಣಿಸಬೇಕು. ಆಮೇಲೆ ಎರಡೂ ಲೆಕ್ಕಗಳನ್ನು ತಾಳೆ ನೋಡುವುದು. ಕೆಲವರ ಲೆಕ್ಕ ಒಂದೆರಡು ಬಡಿತಗಳಷ್ಟೇ ತಪ್ಪಿತ್ತು. ಬಹಳ ಮಂದಿಯದು ಅರ್ಧಕ್ಕರ್ಧ ಕಡಿಮೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ನಂಗೆ ಒಂದೂ ಸಿಗ್ಲಿಲ್ಲ ಮೇಡಂ" ಎಂದಾಗ ಸಭೆಯೆಲ್ಲ ನಕ್ಕಿತು.

ಆ ನಗು ಇಳಿಯುವ ಮೊದಲೇ ವಿದ್ಯಾರ್ಥಿನಿಯೊಬ್ಬಳು ಮೈಕು ಕೇಳಿ ಪಡೆದಳು. "ಮೇಡಂ, ನನ್ನ ಎದೆ ಬಡ್ಕೊಳ್ಳೋದು ನಂಗೆ ಚೆನ್ನಾಗೇ ಕೇಳ್ಸುತ್ತೆ. ಪರೀಕ್ಷೆ ಹತ್ರ ಬಂದ್ರೆ ರಾತ್ರಿಯೆಲ್ಲ ಕೇಳ್ಸುತ್ತೆ. ಕೇಳಿಸ್ದಾಗೆಲ್ಲ ಭಯ ಆಗುತ್ತೆ. ನೀವು ಅದನ್ನೇ ಗಮನಿಸು ಅಂದ್ರೆ ಇನ್ನೂ ಜಾಸ್ತಿ ಆಗಲ್ವಾ?"

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ದೊರೆತ ಸಮಯ ಎರಡು ನಿಮಿಷ. ಆದರೆ ಈ ಪ್ರಶ್ನೆ ಎರಡು ನಿಮಿಷದ್ದಲ್ಲ. ದೇಹದೊಳಗೆ ಗಮನವಿಟ್ಟರೆ ಮನಸ್ಸಿನ ನೋವು ಮಾಗುತ್ತದೆಯೇ, ಇಲ್ಲವೆ ಕೆರಳುತ್ತದೆಯೇ ಎಂಬುದನ್ನು ಸಾಧಕರೂ ವೈದ್ಯರೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೀತಿಯಲ್ಲಿ ಎದುರಿಸಿದ್ದಾರೆ. ತೆರೆಯ ಮೇಲೆ ಹೇಳಲಾಗದೆ ಉಳಿದ ಆ ಇತಿಹಾಸವನ್ನು ಈ ಪುಟಗಳಲ್ಲಿ ಹೇಳಬಹುದೆಂದುಕೊಂಡಿದ್ದೇನೆ.

ವಿದ್ಯಾರ್ಥಿ ಮಿತ್ರರೇ, ಗುಬ್ಬಿಯ ಹೆಸರು ಕೇಳಿದೊಡನೆ ನಮಗೆ ನಾಟಕ ನೆನಪಾಗುತ್ತದೆ. 1884ರಲ್ಲಿ ಹುಟ್ಟಿದ ಆ ನಾಟಕ ಕಂಪನಿ ಚನ್ನಬಸವೇಶ್ವರರ ಹೆಸರು ಹೊತ್ತಿತ್ತು. ಊರಿನ ಗುಡಿಯೂ ಗೋಸಲ ಚನ್ನಬಸವೇಶ್ವರರದು. ಸಂಪ್ರದಾಯ ಹೇಳುವಂತೆ ಇವರು ತೋಂಟದ ಸಿದ್ಧಲಿಂಗ ಯತಿಗಳ ಗುರುಗಳು. ಆ ಶಿಷ್ಯರು ತಪಸ್ಸಿಗೆ ಕುಳಿತ ಕಗ್ಗೆರೆ, ಅವರ ಗದ್ದುಗೆಯಿರುವ ಎಡೆಯೂರು, ಎರಡೂ ಪಕ್ಕದ ಕುಣಿಗಲ್ ತಾಲ್ಲೂಕಿನಲ್ಲಿವೆ. ಭಕ್ತನ ತೋಟದಲ್ಲಿ ಕುಳಿತಿದ್ದರಿಂದ ಅವರಿಗೆ 'ತೋಂಟದ' ಎಂಬ ಹೆಸರು ಬಂದಿತೆಂದೂ, ಕುಳಿತವರ ಮೇಲೆ ಹುತ್ತ ಬೆಳೆಯಿತೆಂದೂ ಐತಿಹ್ಯವಿದೆ. 'ಷಟ್‌ಸ್ಥಲ ಜ್ಞಾನಸಾರಾಮೃತ' ಎಂಬ ಹೆಸರಿನಲ್ಲಿ ಅವರ ಏಳುನೂರು ವಚನಗಳು ನಮಗೆ ಉಳಿದುಬಂದಿವೆ.

ಹುತ್ತದ ಕಥೆಯನ್ನು ಇತಿಹಾಸವೆಂದು ತೆಗೆದುಕೊಳ್ಳಬೇಕಾಗಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಪರಂಪರೆಯ ನಿತ್ಯದ ಅಭ್ಯಾಸ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ನೇರಕ್ಕೆ ಹಿಡಿದು, ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸಿ, ಉಸಿರು ತಾನಾಗಿ ತಣಿಯುವವರೆಗೆ ಕೂರುವುದು. ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ಬೆಳಗಿನ ಹೊತ್ತು ಹೀಗೆ ಕುಳಿತುದನ್ನು ಮಕ್ಕಳು ನೋಡಿಯೇ ಬೆಳೆದಿದ್ದಾರೆ. ಇದನ್ನು ಚಿಕಿತ್ಸೆ ಎಂದು ಕರೆದರೆ ತಪ್ಪಾಗುತ್ತದೆ. ಶಿವಯೋಗಿ ರೋಗ ವಾಸಿಮಾಡಿಕೊಳ್ಳಲು ಕುಳಿತವನಲ್ಲ. ಆದರೆ ಮೈಯನ್ನು ಹಿಂಸಿಸದೆ, ಮೈಯಲ್ಲಿಯೇ ಗಮನ ನೆಲೆಗೊಳಿಸುವ ಪರಿಚಯ ಈ ನೆಲಕ್ಕೆ ಹಳೆಯದು ಎಂಬಷ್ಟನ್ನು ಹೇಳಬಹುದು.

ವಿಜ್ಞಾನ ಈ ವಿಷಯಕ್ಕೆ ಕೈಹಾಕಿದ್ದು ಬಹಳ ತಡವಾಗಿ. ಅದೂ ತಪ್ಪು ಬಾಗಿಲಿನಿಂದ.

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿಯೇ ಹೊರಬಂದ ಪುಸ್ತಕ. 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ಹೃದಯತಜ್ಞೆ ಇಸಿಜಿ ಯಂತ್ರ ಹಿಡಿದು ಭಾರತಕ್ಕೆ ಬಂದರು. ಯೋಗಿಗಳು ಎದೆಯ ಬಡಿತವನ್ನು ನಿಲ್ಲಿಸಬಲ್ಲರು ಎಂಬ ಮಾತನ್ನು ಪರೀಕ್ಷಿಸುವುದು ಅವರ ಉದ್ದೇಶ. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಯಂತ್ರದ ಗೆರೆ ಬಹುಮಟ್ಟಿಗೆ ಚಪ್ಪಟೆಯಾಯಿತೆಂದು ಬ್ರೋಸ್ ಬರೆದರು. ಸುದ್ದಿ ಜಗತ್ತನ್ನು ಸುತ್ತಿತು.

ಇಪ್ಪತ್ತೆರಡು ವರ್ಷಗಳ ಬಳಿಕ, 1957ರಲ್ಲಿ, ಅಮೆರಿಕದಿಂದ ಬಂದ ವೆಂಗರ್ ಮತ್ತು ಬಾಗ್ಚಿ ಅವರು ದೆಹಲಿಯ ಶರೀರಶಾಸ್ತ್ರಜ್ಞ ಬಿ.ಕೆ. ಆನಂದ್ ಅವರ ಜೊತೆಗೂಡಿ ಮತ್ತೆ ಪರೀಕ್ಷೆ ನಡೆಸಿದರು. ಆ ವೇಳೆಗೆ ಮದರಾಸಿನಲ್ಲಿ ನೆಲೆಸಿದ್ದ ಕೃಷ್ಣಮಾಚಾರ್ಯರನ್ನೂ ಕಂಡರು. 1961ರಲ್ಲಿ ಪ್ರಕಟವಾದ ಅವರ ವರದಿ ಹೇಳಿದ್ದು ಇಷ್ಟು: ಯಾರ ಹೃದಯವೂ ನಿಂತಿರಲಿಲ್ಲ. ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಎದೆಗೂಡಿನೊಳಗೆ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮಣಿಕಟ್ಟಿನ ನಾಡಿ ಕೈಗೆ ಸಿಗದಂತಾಗುತ್ತದೆ, ಸ್ಟೆತಸ್ಕೋಪಿಗೆ ಸದ್ದೂ ಕೇಳಿಸದು. ಇಸಿಜಿಯಲ್ಲಿ ಮಾತ್ರ ಹೃದಯ ತನ್ನ ಪಾಡಿಗೆ ತಾನು ಮಿಡಿಯುತ್ತಲೇ ಇರುತ್ತದೆ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ನನಗೆ ನಿರಾಸೆಯಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಎದೆಯನ್ನು ನಿಲ್ಲಿಸುವವರನ್ನು ಹುಡುಕುತ್ತಿದ್ದ ಕಾಲದಲ್ಲಿ, ಅದನ್ನು ಆಲಿಸುವುದರಿಂದ ಏನಾಗುತ್ತದೆಂದು ಕೇಳುವವರು ವಿರಳ. ಕೃಷ್ಣಮಾಚಾರ್ಯರು ಸ್ವತಃ ಮದರಾಸಿನಲ್ಲಿ ಮಾಡಿದ್ದು ಎರಡನೆಯ ಬಗೆಯ ಕೆಲಸವೇ. ಬಂದ ರೋಗಿಯ ವಯಸ್ಸು, ಶಕ್ತಿ, ಉಸಿರಿನ ಅಳತೆ ನೋಡಿ, ಚಲನೆಯನ್ನು ಉಸಿರಿಗೆ ಹೊಂದಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಅವರು ಕಲಿಸುತ್ತಿದ್ದರು.

ಸರಿಯಾದ ಪ್ರಶ್ನೆ ಕೇಳಿದವರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಮನೋವೈದ್ಯ ಎನ್.ಎಸ್. ವಾಹಿಯಾ ಅವರನ್ನು ನಾನು ಮೊದಲು ಎಣಿಸುತ್ತೇನೆ. ಆತಂಕ ಮತ್ತು ಅದರಂಥ ತೊಂದರೆಗಳಿಂದ ಬಳಲುವವರಿಗೆ 1960ರ ದಶಕದಿಂದ ಅವರು ಪತಂಜಲಿಯ ಕ್ರಮವನ್ನು ಆಧರಿಸಿ ಚಿಕಿತ್ಸೆ ಕೊಟ್ಟರು. ಯೋಗದಿಂದ ಗುಣವಾಯಿತು ಎಂದು ಹೇಳಿ ಸುಮ್ಮನಾಗಲಿಲ್ಲ. ಗುಣಕ್ಕೆ ಕಾರಣ ಮೈ ಬಾಗಿಸಿದ್ದೋ, ಒಳಗೆ ಗಮನವಿಟ್ಟದ್ದೋ? ಇದನ್ನು ಬೇರ್ಪಡಿಸಲು ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮಗಳ ಜೊತೆ ಪ್ರತ್ಯಾಹಾರ, ಧಾರಣ, ಧ್ಯಾನಗಳನ್ನೂ ಕಲಿಸಿದರು. ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಕಾಣುವ ಭಂಗಿಗಳು ಮತ್ತು ಉಸಿರಾಟ ಮಾತ್ರ. 1973ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನವರ ಸುಧಾರಣೆ ಹೆಚ್ಚಾಗಿತ್ತು. ಇಂದಿನ ಕಟ್ಟುನಿಟ್ಟಿಗೆ ಹೋಲಿಸಿದರೆ ಆ ಪ್ರಯೋಗದಲ್ಲಿ ಕೊರತೆಗಳಿವೆ. ಆದರೂ ಪ್ರಯೋಗವನ್ನು ಹೀಗೆ ಕಟ್ಟಬೇಕೆಂದು ಹೊಳೆದದ್ದೇ ದೊಡ್ಡದು.

ಅದೇ ಕಾಲಕ್ಕೆ, ಯೋಗದ ಗಂಧವೇ ಇಲ್ಲದ ಕಡೆಯಿಂದ ಇದೇ ದಿಕ್ಕಿನ ಉತ್ತರವೊಂದು ಬಂತು. ನಾಜಿಗಳ ಕಾಲದಲ್ಲಿ ವಿಯೆನ್ನಾದಿಂದ ಕುಟುಂಬದೊಡನೆ ತಪ್ಪಿಸಿಕೊಂಡು ಅಮೆರಿಕ ಸೇರಿದ ಯೂಜೀನ್ ಜೆಂಡ್ಲಿನ್, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಜೊತೆ ಕೆಲಸ ಮಾಡಿದರು. ಆಪ್ತಸಮಾಲೋಚನೆಯ ಧ್ವನಿಮುದ್ರಿಕೆಗಳನ್ನು ಅವರೂ ಸಂಗಡಿಗರೂ ಮತ್ತೆ ಮತ್ತೆ ಕೇಳಿದರು. ಯಾರು ಗುಣಮುಖರಾಗುತ್ತಾರೆ, ಯಾರು ಆಗುವುದಿಲ್ಲ? ವ್ಯತ್ಯಾಸ ಚಿಕಿತ್ಸಕರ ವಿಧಾನಕ್ಕಿಂತ ಹೆಚ್ಚಾಗಿ, ಬಂದವರು ಮಾತಾಡುವ ರೀತಿಯಲ್ಲಿತ್ತು. ಸುಧಾರಿಸಿದವರು ನಿರರ್ಗಳವಾಗಿ ಮಾತಾಡಿದವರಲ್ಲ. ನಡುವೆ ತಡವರಿಸಿದವರು. "ಕೋಪ ಅಂತ ಅಲ್ಲ... ಇಲ್ಲಿ ಏನೋ ಒತ್ತಿದ ಹಾಗೆ... ಅಲ್ಲ, ಒತ್ತಿದ್ದೂ ಅಲ್ಲ..." ಎಂಬ ಧಾಟಿಯಲ್ಲಿ, ಮೈಯೊಳಗಿನ ಹೆಸರಿಲ್ಲದ ಅನಿಸಿಕೆಯೊಂದಕ್ಕೆ ತಕ್ಕ ಮಾತು ಹುಡುಕಿದವರು. ಸರಿಯಾದ ಮಾತು ಸಿಕ್ಕಿದಾಗ ಮೈ ತಾನೇ ಸಡಿಲವಾಗುತ್ತದೆಂದು ಜೆಂಡ್ಲಿನ್ ಕಂಡುಕೊಂಡರು. ಇದನ್ನು ಕಲಿಸಲೂ ಬಹುದೆಂದು 'ಫೋಕಸಿಂಗ್' ಎಂಬ ಪುಸ್ತಕವನ್ನು 1978ರಲ್ಲಿ ಬರೆದರು.

ಕನ್ನಡದವರಿಗೆ ಇದು ಅಷ್ಟು ಅಪರಿಚಿತವೇ? ನಮ್ಮ ಅಜ್ಜಿಯರು 'ಖಿನ್ನತೆ' ಎಂಬ ಪದ ಬಳಸಿದವರಲ್ಲ. ಹೊಟ್ಟೆ ಉರಿಯುತ್ತದೆ, ಎದೆ ಭಾರವಾಗಿದೆ, ಕರುಳು ಕಿವುಚಿದಂತಾಗುತ್ತದೆ, ಜೀವ ಬಾಯಿಗೆ ಬಂತು ಎಂದವರು. ಇಂಥ ಮಾತುಗಳನ್ನು ಕೇಳಿದ ವೈದ್ಯರು ಕೆಲವೊಮ್ಮೆ ಹೊಟ್ಟೆಗೊಂದು, ಎದೆಗೊಂದು ಮಾತ್ರೆ ಬರೆದು ಕಳಿಸಿಬಿಡುವುದುಂಟು. ಅದು ನೋವಿಗೆ ಹೆಸರು ಹುಡುಕುವ ಮೊದಲ ಹೆಜ್ಜೆಯಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನು ನಮ್ಮ ರಾಜ್ಯದ ಕಡೆಗೆ ಬರೋಣ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಡಾ. ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಅದರ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಕನ್ನಡಿಗರು ವಿದ್ವಾಂಸರೆಂದು ಬಲ್ಲ ಸಾ.ಕೃ. ರಾಮಚಂದ್ರರಾಯರು ಆ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಭಾರತೀಯ ಮನಶ್ಶಾಸ್ತ್ರದ ಹಳೆಯ ಗ್ರಂಥಗಳನ್ನೂ ಹೊಸ ಚಿಕಿತ್ಸೆಯನ್ನೂ ಒಂದೇ ಸೂರಿನಡಿ ಓದುವ ವಾತಾವರಣ ಅಲ್ಲಿತ್ತು.

ಅಲ್ಲಿ ನಡೆದ ಪ್ರಯೋಗಗಳಲ್ಲಿ ಒಂದನ್ನು ವಿವರವಾಗಿ ನೋಡುವುದು ಒಳ್ಳೆಯದು. ಇದನ್ನು ಅರ್ಧ ಮಾತ್ರ ಹೇಳುವವರು ಬಹಳ. ಜಾನಕಿರಾಮಯ್ಯ, ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ದಾಖಲಾದ 45 ಮಂದಿಯನ್ನು ಹದಿನೈದು ಹದಿನೈದರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿದ್ಯುತ್ ಕಂಪನ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಎಂಬ ಔಷಧಿ, ಇನ್ನೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಲಯಬದ್ಧ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳ ಕೊನೆಗೆ ಖಿನ್ನತೆಯಿಂದ ಹೊರಬಂದವರು ಕ್ರಮವಾಗಿ ಶೇಕಡಾ 93, 73 ಮತ್ತು 67. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಉಸಿರಾಟದ ಅಭ್ಯಾಸ ಔಷಧಿಗೆ ಹೆಚ್ಚು ಕಡಿಮೆ ಸಮನಾಗಿ ನಿಂತಿತು ಎಂಬುದು ಸಣ್ಣ ಮಾತಲ್ಲ. ಆದರೆ ವಿದ್ಯುತ್ ಚಿಕಿತ್ಸೆಯೇ ಮುಂದಿತ್ತು ಎಂಬುದನ್ನು ಬಿಟ್ಟು ಹೇಳಬಾರದು. ಗುಂಪುಗಳು ಸಣ್ಣವು. ಯಾವ ಚಿಕಿತ್ಸೆಯನ್ನೂ ಕೊಡದ ಗುಂಪು ಹೋಲಿಕೆಗೆ ಇರಲಿಲ್ಲ. ಎಲ್ಲರೂ ಆಸ್ಪತ್ರೆಯೊಳಗೆ ವೈದ್ಯರ ಕಣ್ಗಾವಲಿನಲ್ಲಿದ್ದರು. ಇದನ್ನು ಓದಿ ಮನೆಯಲ್ಲಿ ಯಾರದಾದರೂ ಮಾತ್ರೆ ನಿಲ್ಲಿಸಿದರೆ ಅದು ಪ್ರಾಣಕ್ಕೇ ಅಪಾಯ.

ಅದೇ ಸಂಸ್ಥೆಯವರು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಯೋಗ ಕಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಆಸನ ಪ್ರಾಣಾಯಾಮಗಳನ್ನು ಇಟ್ಟುಕೊಂಡು ಧ್ಯಾನವನ್ನು ಕೈಬಿಟ್ಟಿದ್ದರು. ಎಲ್ಲಿಯೂ ಇಲ್ಲದ ದನಿ ಕೇಳಿಸುವವರಿಗೆ ಒಳಮುಖವಾಗು ಎನ್ನುವುದು ಹಿತವಲ್ಲದಿರಬಹುದು ಎಂಬ ಎಚ್ಚರ ಅದು. ಮುಂಬಯಿಯಲ್ಲಿ ಆತಂಕದವರಿಗೆ ನೆರವಾದ ಅದೇ ಅಂಗವನ್ನು ಬೆಂಗಳೂರಿನಲ್ಲಿ ಬೇರೆ ರೋಗಕ್ಕೆ ಬೇಡವೆಂದರು. ಒಂದೇ ಔಷಧಿ ಎಲ್ಲರಿಗೂ ಹೊಂದುವುದಿಲ್ಲ ಎಂಬ ವೈದ್ಯಕೀಯದ ನಿಯಮ ಗಮನಕ್ಕೂ ಅನ್ವಯಿಸುತ್ತದೆ.

ಈಗ ಆ ಹುಡುಗಿಯ ಪ್ರಶ್ನೆ. ಅವಳು ಹೇಳಿದ್ದು ಸರಿ ಎಂಬುದನ್ನು ಸಂಶೋಧನೆಯೂ ಒಪ್ಪುತ್ತದೆ. ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ಹಠಾತ್ ಗಾಬರಿಯ ಸರಪಳಿಯನ್ನು ಬಿಡಿಸಿ ತೋರಿಸಿದರು: ಎದೆ ಹೊಡೆದುಕೊಳ್ಳುತ್ತದೆ, ಏನೋ ಕೇಡು ಬಂತೆಂದು ಮನಸ್ಸು ಅರ್ಥಮಾಡಿಕೊಳ್ಳುತ್ತದೆ, ಆ ಅರ್ಥದಿಂದ ಭಯ, ಭಯದಿಂದ ಎದೆ ಇನ್ನಷ್ಟು ಜೋರು. ಇಲ್ಲಿ ಗಮನಕ್ಕೇನೂ ಕೊರತೆಯಿಲ್ಲ. ಇರುವುದು ಕಾವಲುಗಾರನ ಗಮನ, ಕಳ್ಳ ಬರುತ್ತಾನೆಂದು ರಾತ್ರಿಯೆಲ್ಲ ಬಾಗಿಲು ಕಾಯುವಂಥದು. ಜೆಂಡ್ಲಿನ್ ಕಂಡದ್ದು ಬೇರೆ ಬಗೆಯದು, ಅಳುವ ಮಗುವಿನ ಪಕ್ಕ ಕುಳಿತು ಏನಾಯಿತೆಂದು ಕೇಳುವಂಥದು. ಎರಡನ್ನೂ ನಾವು ಗಮನವೆಂದೇ ಕರೆಯುವುದರಿಂದ ಗೊಂದಲ.

ವೈದ್ಯೆ ಅಂದು ಹೇಳಿದ್ದೂ ಇದನ್ನೇ, ಸುಲಭ ಮಾತಿನಲ್ಲಿ. "ನೀನು ಕೇಳಿದ್ದು ಸರಿಯಾಗಿದೆಯಮ್ಮ. ಮೊದಲು ರಕ್ತಹೀನತೆ, ಥೈರಾಯಿಡ್ ಪರೀಕ್ಷೆ ಮಾಡಿಸಿಕೋ. ಎದೆ ಹೊಡ್ಕೊಳ್ಳೋಕೆ ಅವೂ ಕಾರಣ ಇರಬಹುದು. ಅಲ್ಲೇನೂ ಇಲ್ಲ ಅಂತಾದ್ರೆ, ಎದೆಯಿಂದ ಶುರು ಮಾಡಬೇಡ. ಅಂಗಾಲು ನೆಲ ಮುಟ್ಟಿರೋದನ್ನ ಗಮನಿಸು, ಬೆನ್ನು ಕುರ್ಚಿಗೆ ಒರಗಿರೋದನ್ನ ಗಮನಿಸು. ಅಲ್ಲಿ ಭಯ ಇಲ್ಲ ಅಲ್ವಾ? ಅಲ್ಲಿಂದ ಮೆಲ್ಲಗೆ ಎದೆ ಹತ್ರ ಬಾ. ಜಾಸ್ತಿ ಅನ್ನಿಸಿದ್ರೆ ವಾಪಸ್ ಕಾಲಿಗೆ ಹೋಗು. ಒಬ್ಬಳೇ ಆಗದಿದ್ರೆ ಕಲಿಸೋರು ಇದ್ದಾರೆ, ಬಾ." ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಲು ಸಂಕೋಚಪಡುವವರಿಗಾಗಿ ಟೆಲಿ ಮಾನಸ್ ಸಂಖ್ಯೆಯನ್ನೂ ಹೇಳಿದರು: 14416. 2022ರಲ್ಲಿ ಆರಂಭವಾದ ಈ ಉಚಿತ ದೂರವಾಣಿ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಆ ಮೇಲೆ ಅವರು ಇನ್ನೊಮ್ಮೆ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು. ಈ ಬಾರಿ ಎಣಿಕೆಯಿಲ್ಲ, ಅಂಗಾಲಿನಿಂದ ಆರಂಭ. ಹುಡುಗಿ ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು, ಮೈಕಿಲ್ಲದೆಯೇ, "ಭಯ ಎದೇಲಿಲ್ಲ ಮೇಡಂ, ಗಂಟಲಲ್ಲಿದೆ. ಏನೋ ಹೇಳ್ಬೇಕು ಅನ್ನೋ ಥರ" ಎಂದಳು. ಏನು ಹೇಳಬೇಕು ಎಂದು ವೈದ್ಯೆ ಕ್ಯಾಮೆರಾದ ಮುಂದೆ ಕೇಳಲಿಲ್ಲ. ಚಿತ್ರೀಕರಣ ಮುಗಿದ ಬಳಿಕ ಇಬ್ಬರೂ ವರಾಂಡದ ಕೊನೆಯಲ್ಲಿ ಬಹಳ ಹೊತ್ತು ನಿಂತಿದ್ದುದನ್ನು ನಾವು ದೀಪಗಳನ್ನು ಬಿಚ್ಚುತ್ತಾ ನೋಡಿದೆವು.

ಸಂಕಲನದ ಕೊಠಡಿಯಲ್ಲಿ ನನಗೆ ಬೇರೆಯೇ ಸಮಸ್ಯೆ ಎದುರಾಯಿತು. ದೂರದರ್ಶನದಲ್ಲಿ ನಾಲ್ಕು ಸೆಕೆಂಡು ಸದ್ದಿಲ್ಲದಿದ್ದರೆ ಪ್ರಸಾರ ಕೆಟ್ಟಿತೆಂದು ಫೋನು ಬರುತ್ತದೆ. ಇಲ್ಲಿ ನೂರಾರು ಮಕ್ಕಳು ಕಣ್ಣು ಮುಚ್ಚಿ ಕುಳಿತ ಅರ್ಧ ನಿಮಿಷದ ಮೌನವಿತ್ತು, ಹೊರಗೆಲ್ಲೋ ಬಸ್ಸಿನ ಹಾರನ್ ಬಿಟ್ಟರೆ ಬೇರೇನೂ ಇಲ್ಲ. ಅದರಡಿಗೆ ವೀಣೆಯೋ ಕೊಳಲೋ ಹಾಕೋಣವೆಂದು ಸಂಕಲನಕಾರರು ಸೂಚಿಸಿದರು. ಬೇಡವೆಂದೆ. ಹುಡುಗಿ ಗಂಟಲಿನ ಮಾತು ಹೇಳಿದ ಭಾಗವನ್ನು ಅವಳ ಇಚ್ಛೆಯಂತೆ ತೆಗೆದುಹಾಕಿದೆವು. ಮೌನ ಮಾತ್ರ ಹಾಗೆಯೇ ಪ್ರಸಾರವಾಯಿತು.