ಗೇಮ್ ಜ್ಯಾಮ್ ಮತದಾನ

ಗೇಮ್ ಜ್ಯಾಮ್ ಮತದಾನ: ಅಲ್ಪಾವಧಿಯಲ್ಲಿ ವಿಡಿಯೊ ಗೇಮ್ ರಚಿಸುವ ಹವ್ಯಾಸಿ ಸ್ಪರ್ಧೆಗಳಲ್ಲಿ ಪ್ರತ್ಯೇಕ ತೀರ್ಪುಗಾರರಿಲ್ಲದೆ, ಸ್ಪರ್ಧಿಗಳೇ ಒಬ್ಬರ ಗೇಮ್ ಇನ್ನೊಬ್ಬರು ಆಡಿ ಅಂಕ ನೀಡುವ ಪದ್ಧತಿ.

ಇದರ ಪ್ರಮುಖ ಮಾದರಿ 2002ರಲ್ಲಿ ಜೆಫ್ ಹೌಲೆಂಡ್ ಆರಂಭಿಸಿದ ಲೂಡಮ್ ಡೇರ್. ಅದರ ಕಾಂಪೊ ವಿಭಾಗದಲ್ಲಿ ಒಬ್ಬರೇ 48 ಗಂಟೆಗಳಲ್ಲಿ, ಜ್ಯಾಮ್ ವಿಭಾಗದಲ್ಲಿ ತಂಡವಾಗಿಯೂ 72 ಗಂಟೆಗಳಲ್ಲಿ ಗೇಮ್ ಮುಗಿಸುತ್ತಾರೆ. ನಂತರದ ವಾರಗಳಲ್ಲಿ ಮೋಜು, ಹೊಸತನ, ಚಿತ್ರ, ಧ್ವನಿ, ಹಾಸ್ಯ ಮುಂತಾದ ಅಂಶಗಳಿಗೆ 5 ತಾರೆಗಳವರೆಗೆ ಅಂಕ ಬೀಳುತ್ತದೆ. ನಗದು ಬಹುಮಾನವಿಲ್ಲ, ಆದರೂ ಸ್ಥಾನದ ಚರ್ಚೆ ಕಾವೇರುವುದುಂಟು.

ನ್ಯಾಯದ ಪ್ರಶ್ನೆ ಏಳುವುದು ಅಂಕಕ್ಕಿಂತ ಹೆಚ್ಚಾಗಿ ಗಮನದ ಹಂಚಿಕೆಯಲ್ಲಿ. ಬಂದ ಗೇಮ್‌ಗಳನ್ನೆಲ್ಲ ಯಾರೂ ಆಡಲಾರರು. ಬ್ರೌಸರ್‌ನಲ್ಲೇ ತೆರೆಯುವ ಗೇಮ್ ಸುಲಭವಾಗಿ ಮತ ಗಳಿಸುತ್ತದೆ. ಡೌನ್‌ಲೋಡ್ ಮಾಡಿ ಆಡಬೇಕಾದದ್ದು ಮೂಲೆಗೆ ಬೀಳುತ್ತದೆ. ಗೆಳೆಯರ ಮೂರ್ನಾಲ್ಕು ಮತಗಳಿಂದಲೇ ಸರಾಸರಿ 5 ತಲುಪುವ ಅಪಾಯವೂ ಇದೆ.

ಇದಕ್ಕೆ ಲೂಡಮ್ ಡೇರ್ ಕಂಡುಕೊಂಡ ಉಪಾಯ, ಕೊಟ್ಟು ಪಡೆಯುವುದು: ಇತರರ ಹೆಚ್ಚು ಗೇಮ್‌ಗಳನ್ನು ಆಡಿ ಅಂಕ ನೀಡಿದವರ ಗೇಮ್ ಪಟ್ಟಿಯಲ್ಲಿ ಮೇಲೆ ಕಾಣಿಸುತ್ತದೆ. ಸ್ಥಾನ ಸಿಗಲು ಕನಿಷ್ಠ 20 ಮತ ಬೇಕು. ಪರರ ಚಿತ್ರ ಅಥವಾ ಸಂಗೀತ ಬಳಸಿದವರು ಆಯಾ ಅಂಶದ ಸ್ಪರ್ಧೆಯಿಂದ ಹೊರಗುಳಿಯಬೇಕು.

ಅನೇಕ ಜ್ಯಾಮ್‌ಗಳು ನಡೆಯುವ ಇಚ್ ಡಾಟ್ ಐಒ ತಾಣದ್ದು ಗಣಿತದ ದಾರಿ. ಎಲ್ಲ ಗೇಮ್‌ಗಳ ಮತಸಂಖ್ಯೆಯ ಮಧ್ಯಾಂಕಕ್ಕಿಂತ ಕಡಿಮೆ ಮತ ಪಡೆದ ಗೇಮ್‌ನ ಸರಾಸರಿಯನ್ನು ಆ ಎರಡು ಸಂಖ್ಯೆಗಳ ಅನುಪಾತದ ವರ್ಗಮೂಲದಿಂದ ಗುಣಿಸಲಾಗುತ್ತದೆ. ಮಧ್ಯಾಂಕ 16 ಇದ್ದು 4 ಮತವಷ್ಟೇ ಬಿದ್ದರೆ ಸರಾಸರಿ ಅರ್ಧಕ್ಕಿಳಿಯುತ್ತದೆ. ಕಡಿಮೆ ಜನ ಆಡಿದ ಒಳ್ಳೆಯ ಗೇಮ್‌ಗೂ ಇದೇ ಗತಿ.