ಜಿಂಜರ್‌ನೊಳಗಿನ ಬೇರು

ಇಂಗ್ಲಿಷಿನ ‘ಜಿಂಜರ್’ ಪದದ ಬಾಲದಲ್ಲಿ ಕೇಳಿಸುವ ‘ಅರ್’ ನಮ್ಮ ‘ಬೇರು’ ಪದದ ದಾಯಾದಿ. ಮೊದಲ ಸಲ ಕೇಳಿದವರಿಗೆ ನಂಬಿಕೆ ಬಾರದು. ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ನಂಬದೆ ವಿಧಿಯಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇದು ‘ಜಿಂಜಿಫರ್’. ಅದರ ಹಿಂದೆ ಲ್ಯಾಟಿನ್ನಿನ ‘ಜಿಂಗಿಬೆರ್’, ಅದರ ಹಿಂದೆ ಗ್ರೀಕಿನ ‘ಜಿಂಗಿಬೆರಿಸ್’. 1ನೇ ಶತಮಾನದ ರೋಮಿನಲ್ಲಿ ಪೌಂಡು ಶುಂಠಿಗೆ 6 ಡೆನಾರಿಯಸ್ ಬೆಲೆಯಿತ್ತೆಂದು ಅಲ್ಲಿನ ಬರಹಗಾರ ಪ್ಲಿನಿ ಬರೆದಿದ್ದಾನೆ. ಅದು ಕಾಳುಮೆಣಸಿನ ಬೇರೆಂದು ಕೆಲವರು ತಿಳಿದಿದ್ದರು. ಅದು ತಪ್ಪೆಂದು ತಿದ್ದಿದವನೂ ಅವನೇ.

ಸರಕಿನ ಜೊತೆ ಹೆಸರೂ ಹಡಗೇರಿ ಹೋಗಿತ್ತು. ಪಾಲಿಯಲ್ಲಿ ಅದು ‘ಸಿಂಗಿವೇರ’, ಸಂಸ್ಕೃತದಲ್ಲಿ ‘ಶೃಂಗವೇರ’. ಕವಲೊಡೆದ ಶುಂಠಿಯನ್ನು ನೋಡಿದವರಿಗೆ ಕೊಂಬು ನೆನಪಾಗಿ, ‘ಕೊಂಬಿನಂಥ ಮೈಯುಳ್ಳದ್ದು’ ಎಂಬ ಅರ್ಥ ಹುಟ್ಟಿಕೊಂಡಿತು. ಆದರೆ ಈ ಅರ್ಥ ಆಮೇಲೆ ಹಚ್ಚಿದ್ದು. ತಮಿಳು, ಮಲಯಾಳಂಗಳಲ್ಲಿ ಶುಂಠಿ ‘ಇಂಚಿ’, ಬೇರು ‘ವೇರ್’. ದಕ್ಷಿಣದ ನುಡಿಗಳಲ್ಲಿ ಪದದ ಮೊದಲಿನ ಸಕಾರ ಉದುರಿಹೋಗುವ ಮುನ್ನವೇ ಇವೆರಡೂ ಸೇರಿದ ಜೋಡಿಪದ ಉತ್ತರಕ್ಕೆ ಹೋಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ.

ಹೊರಗಿನ ಪದದಲ್ಲಿ ತನ್ನ ಪದವನ್ನೇ ಕೇಳಿಸಿಕೊಳ್ಳುವುದು ಎಲ್ಲ ಜನರ ಸ್ವಭಾವ. ಫ್ರೆಂಚರ ‘ಜೆಂಜಾಂಬ್ರಾ’ ಎಂದರೆ ಸಕ್ಕರೆಯಲ್ಲಿ ಹಾಕಿಟ್ಟ ಶುಂಠಿ. ಅದರ ಕೊನೆಯ ತುಣುಕು ಇಂಗ್ಲಿಷರ ಕಿವಿಗೆ ‘ಬ್ರೆಡ್’ ಎಂದು ಕೇಳಿಸಿತು, ‘ಜಿಂಜರ್‌ಬ್ರೆಡ್’ ಹುಟ್ಟಿತು. ಅಲ್ಲಿ ರೊಟ್ಟಿ, ಇಲ್ಲಿ ಕೊಂಬು. ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸಿಲ್ಲ. ಪದವೊಂದು ಪರವೂರಿನಲ್ಲಿ ನೆಲೆ ನಿಲ್ಲುವುದೇ ಹೀಗೆ.

ನಾವು ಕನ್ನಡಿಗರು ಶುಂಠಿ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ಹಸಿಯದಕ್ಕೆ ‘ಅಲ್ಲ’ ಎನ್ನುತ್ತಾರೆ. ‘ಇಂಚಿ’ ನಮ್ಮಲ್ಲಿ ಬಳಕೆಯಲ್ಲಿಲ್ಲ. ಆದರೆ ಉಳಿದರ್ಧ ನಮ್ಮದೇ: ತಮಿಳಿನಲ್ಲಿ ‘ವಾ’ ಎಂಬುದು ಕನ್ನಡದಲ್ಲಿ ‘ಬಾ’ ಆಗಿರುವಂತೆ, ಅಲ್ಲಿನ ‘ವೇರ್’ ಇಲ್ಲಿ ‘ಬೇರು’.

ಇಂಗ್ಲಿಷ್ ಪದಗಳ ಮೂಲ ಹೇಳುವಾಗ ನಮ್ಮ ತರಗತಿಗಳು ಸಾಮಾನ್ಯವಾಗಿ ಗ್ರೀಕ್, ಲ್ಯಾಟಿನ್ನಿಗೆ ಬಂದು ನಿಂತುಬಿಡುತ್ತವೆ. ನಿಲ್ಲಬಾರದು. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಮುಂದಿನ ದಾರಿಯನ್ನು ತೋರಿಸುತ್ತದೆ. ‘ಜಿಂಜರ್’ ಬರೆಯಲು ಕಲಿಯುವ ಮಗುವಿಗೆ ಮೇಷ್ಟ್ರು ಪಕ್ಕದಲ್ಲೇ ‘ಬೇರು’ ಎಂದೂ ಬರೆದು ತೋರಿಸಲಿ. ತನ್ನ ನುಡಿಯೂ ಲೋಕಕ್ಕೆ ಕೊಟ್ಟ ನುಡಿಗಳ ಬಳಗದ್ದು ಎಂಬುದು ಆ ಮಗುವಿಗೆ ಚಿಕ್ಕಂದಿನಲ್ಲೇ ತಿಳಿಯಬೇಕು.