ಮೀನಿನ ಕಾಕನ ಎಂ-80 ಮತ್ತು ಘಾಟಿ ಹತ್ತುವ ಲೆಕ್ಕ

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿಗೆ ಮೀನು ಬರುತ್ತಿದ್ದದ್ದು ಎಂ-80 ಮೇಲೆ. ಕಾಕ ಬೆಳಗಿನ ಜಾವ ಕರಾವಳಿಯಿಂದ ಹೊರಟು, ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಿ ಬರುತ್ತಿದ್ದರು. ಹಿಂದೆ ದೊಡ್ಡ ಬಾಕ್ಸು, ಅದರೊಳಗೆ ಬಂಗುಡೆ, ಬೂತಾಯಿ, ಮೇಲೆ ಐಸು. ಗಾಡಿ ಕಾಣುವ ಮೊದಲೇ ಹಾರನ್ ಕೇಳುತ್ತಿತ್ತು, ಹಾರನ್‌ಗಿಂತ ಮೊದಲು ಬೆಕ್ಕುಗಳು ಗೇಟಿನ ಹತ್ತಿರ ಬಂದು ಕೂತಿರುತ್ತಿದ್ದವು.

ಘಾಟಿಯ ಮಧ್ಯೆ ಇಂಜಿನ್ ಕೈಕೊಟ್ಟರೆ ಕಾಕನಿಗೆ ನಷ್ಟ ಎರಡು. ಒಂದು ರಿಪೇರಿ ಖರ್ಚು, ಇನ್ನೊಂದು ಐಸು ಕರಗಿ ಹಾಳಾದ ಮೀನು. ಅದಕ್ಕೇ ಇರಬೇಕು, ಲೋಡ್ ಗಾಡಿ ಹತ್ತಿಸುವುದರಲ್ಲಿ ಅವರಷ್ಟು ಸೂಕ್ಷ್ಮದವರನ್ನು ನಾನು ಮತ್ತೆ ನೋಡಿಲ್ಲ.

ಹೋದ ವರ್ಷ ಅದೇ ಘಾಟಿಯಲ್ಲಿ ನಾನು ನನ್ನ 100 ಸಿಸಿ ಬೈಕಿನ ಕ್ಲಚ್ ಪ್ಲೇಟ್ ಸುಟ್ಟುಕೊಂಡೆ. ಹೆಬ್ರಿ ಕಡೆಯ ನೆಂಟರು ಕೊಟ್ಟ ತೆಂಗಿನಕಾಯಿ ಮೂಟೆ ಮಧ್ಯದಲ್ಲಿ, ಹಿಂದೆ ಅಣ್ಣ. ಮೇಲೆ ಬಂದು ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದರೆ ಅವರು ಬಿಚ್ಚುವ ಮೊದಲೇ ಮೂಸಿ ನೋಡಿ ಕೇಳಿದರು: "ಮೂರನೇ ಗೇರಲ್ಲೇ ಹಾಫ್ ಕ್ಲಚ್ ಹಿಡ್ಕಂಡು ಹತ್ಸಿದ್ರಾ ಮಾರಾಯ್ರೇ?" ಹೌದು, ಹಾಗೇ ಮಾಡಿದ್ದೆ. ಎಂ-80ಗಿಂತ ದೊಡ್ಡ ಇಂಜಿನ್ ಇಟ್ಟುಕೊಂಡು ನಾನು ಸೋತದ್ದು ಯಾಕೆ ಎಂದು ಹುಡುಕುತ್ತಾ ಹೋದರೆ ಸಿಕ್ಕಿದ್ದು ನಮ್ಮ ಬೈಕುಗಳದೇ ಇತಿಹಾಸ.

ಜಾವಾದಿಂದ ಶುರು ಮಾಡೋಣ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉದ್ಘಾಟನೆಯಾಯಿತು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರಿಗೆ ತಿರುಗಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 250 ಸಿಸಿ ಟೂ-ಸ್ಟ್ರೋಕ್, ಶಕ್ತಿ ಸುಮಾರು 12 ಅಶ್ವಶಕ್ತಿ, ನಾಲ್ಕು ಗೇರು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗೇರ್ ಲಿವರನ್ನು ಕಾಲಿನಲ್ಲಿ ಒತ್ತಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತಿತ್ತು. ಹಾಗಾಗಿ ಏರಿನಲ್ಲಿ ಗೇರ್ ಇಳಿಸುವುದು ಆ ಕಾಲದವರಿಗೆ ಒಂದು ಕೆಲಸವೇ ಆಗಿರಲಿಲ್ಲ. ಇಂಜಿನ್ ಶಬ್ದ ದಪ್ಪಗಾಯಿತೋ, ಕಾಲು ತಾನಾಗಿ ಒತ್ತುತ್ತಿತ್ತು.

ಟೂ-ಸ್ಟ್ರೋಕ್ ಇಂಜಿನ್‌ಗೆ ಇನ್ನೊಂದು ಗುಣ ಇತ್ತು: ತಪ್ಪು ಮಾಡಿದರೆ ಕೂಡಲೇ ಹೇಳುತ್ತಿತ್ತು. ರನ್ನಿಂಗ್ ಇಳಿದರೆ ಎಳೆಯುವ ಶಕ್ತಿಯೇ ಇಲ್ಲ. ಹಟಕ್ಕೆ ಬಿದ್ದು ಎಕ್ಸಲೇಟರ್ ತಿರುವಿದರೆ ಪಿಸ್ಟನ್ ಕಾದು ಬೋರಿಗೆ ಹಿಡಿದುಕೊಳ್ಳುತ್ತಿತ್ತು. "ಸೀಜ್ ಆಯ್ತು" ಎಂಬ ಮಾತು ಹಳ್ಳಿಹಳ್ಳಿಗೆ ಬಂದದ್ದು ಹೀಗೆ.

ಎಂ-80 ಬಂದದ್ದು 1980ರ ದಶಕದಲ್ಲಿ. ಇಂಜಿನ್ 75 ಸಿಸಿ ಆಸುಪಾಸು, ಮೂರೇ ಗೇರು, ಅದೂ ಸ್ಕೂಟರಿನಂತೆ ಎಡಗೈಯಲ್ಲಿ ತಿರುಗಿಸುವುದು. ಅಷ್ಟು ಸಣ್ಣ ಇಂಜಿನ್‌ಗೆ ಅಷ್ಟು ಭಾರ ಹೊರಿಸಿದವರು ಕರಾವಳಿಯ ಮೀನಿನವರು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವಿಗೆ ಬಂದ ಮೇಲೆ ಕಾಕ ಗೇರ್ ಮುಟ್ಟುತ್ತಿರಲಿಲ್ಲ, ಅದಕ್ಕೆ ಹತ್ತಿಪ್ಪತ್ತು ಮಾರು ಹಿಂದೆಯೇ ಇಳಿಸುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, "ಎತ್ತಿಗೆ ಸುಸ್ತಾದ ಮೇಲೆ ಚಾಟಿ ಬೀಸಿ ಏನು ಪ್ರಯೋಜನ?" ಅಂದಿದ್ದರು. ಘಾಟಿಯ ತುದಿಗೆ ಬಂದು, ಸೂರ್ಯಾಸ್ತ ನೋಡುವ ಜಾಗದ ಹತ್ತಿರ ಗಾಡಿ ಆಫ್ ಮಾಡಿ ಒಂದು ಬೀಡಿ ಸೇದಿ ಮುಂದೆ ಹೊರಡುತ್ತಿದ್ದರು. ಬೀಡಿ ಅವರಿಗೋ ಇಂಜಿನ್‌ಗೋ ಗೊತ್ತಿಲ್ಲ.

ಮಧ್ಯೆ 1985ರಲ್ಲಿ ಹೀರೋ ಹೋಂಡಾ ಸಿಡಿ-100 ಬಂತು, 1994ರಲ್ಲಿ ಸ್ಪ್ಲೆಂಡರ್. ಫೋರ್-ಸ್ಟ್ರೋಕ್, 97 ಸಿಸಿ, ಏಳು ಚಿಲ್ಲರೆ ಅಶ್ವಶಕ್ತಿ. ಪೆಟ್ರೋಲ್ ತುಂಬಿಸಿ ಮರೆತುಬಿಡಿ ಎಂಬರ್ಥದ ಜಾಹೀರಾತಿನಲ್ಲೇ ಅದು ಮನೆಮಾತಾಯಿತು. ನಮ್ಮ ಅಪ್ಪಂದಿರ ತಲೆಮಾರಿಗೆ ಬೈಕು ಎಂದರೆ ಮೈಲೇಜ್ ಎಂದಾಯಿತು. ಮೈಲೇಜ್ ಬೇಕಾದರೆ ಬೇಗ ಟಾಪ್ ಗೇರಿಗೆ ಹಾಕು, ಎಕ್ಸಲೇಟರ್ ಕಮ್ಮಿ ಕೊಡು. ನಾನು ಬೈಕು ಕಲಿಯುವಾಗ ಅಪ್ಪ ಹೇಳಿಕೊಟ್ಟ ಪಾಠ ಇದೊಂದೇ. ಗದ್ದೆ ಬಯಲಿನ ರಸ್ತೆಯಲ್ಲಿ ಅದು ಸರಿಯಾದ ಪಾಠವೇ. ಘಾಟಿಗೆ ಬೇರೆ ಪಾಠ ಇದೆ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಫೋರ್-ಸ್ಟ್ರೋಕ್ ಇಂಜಿನ್ ಜಾವಾದ ಹಾಗೆ ಗಲಾಟೆ ಮಾಡುವುದಿಲ್ಲ. ತಿಣುಕುತ್ತಾ, ಟಕಟಕ ಎನ್ನುತ್ತಾ ಸಹಿಸಿಕೊಂಡು ಹತ್ತುತ್ತದೆ. ಬಿಲ್ಲು ಬರುವುದು ಆಮೇಲೆ.

ಲೆಕ್ಕ ಹಾಕಿ ನೋಡಿ. ಬೈಕು 110 ಕೆ.ಜಿ., ನಾನು ಮತ್ತು ಅಣ್ಣ 140, ಮೂಟೆ 30. ಒಟ್ಟು 280 ಕೆ.ಜಿ. ಸೋಮೇಶ್ವರದಿಂದ ಆಗುಂಬೆಗೆ ಹೋಗುವುದೆಂದರೆ ಇಷ್ಟು ಭಾರವನ್ನು ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿದಂತೆ. (ಹಲವು 100 ಸಿಸಿ ಬೈಕುಗಳ ಕೈಪಿಡಿಯಲ್ಲಿ ಜನ, ಸಾಮಾನು ಸೇರಿ 130 ಕೆ.ಜಿ. ಆಸುಪಾಸೇ ಮಿತಿ. ನಮ್ಮದು 170. ಕೈಪಿಡಿ ಓದುವವರು ಯಾರು ಬಿಡಿ.) ಈ ಇಂಜಿನ್‌ಗಳು ಚೆನ್ನಾಗಿ ಎಳೆಯುವುದು ನಿಮಿಷಕ್ಕೆ 5000 ಸುತ್ತಿನ ಹತ್ತಿರ. ಟಾಪ್ ಗೇರಿನಲ್ಲಿ 25 ಕಿ.ಮೀ. ವೇಗಕ್ಕೆ ಇಳಿದರೆ ಇಂಜಿನ್ ಅದರ ಅರ್ಧದಷ್ಟೂ ತಿರುಗುತ್ತಿರುವುದಿಲ್ಲ. ಆಗ ಎಕ್ಸಲೇಟರ್ ಪೂರ್ತಿ ಕೊಟ್ಟರೆ ಪೆಟ್ರೋಲ್ ಉರಿಯುತ್ತದೆ, ಗಾಡಿ ಏಳುವುದಿಲ್ಲ. ಹೊಡೆತವೆಲ್ಲ ಪಿಸ್ಟನ್ ಮತ್ತು ಬೇರಿಂಗಿನ ಮೇಲೆ. ನಿಧಾನಕ್ಕೆ ಹೋಗುವ ಗಾಡಿಗೆ ಗಾಳಿಯೂ ಬೀಸುವುದಿಲ್ಲ, ಕಾವು ಅಲ್ಲೇ ನಿಲ್ಲುತ್ತದೆ.

ಎರಡನೇ ಗೇರಿನಲ್ಲಿ ಶಬ್ದ ಜಾಸ್ತಿ, ಅದಕ್ಕೆ ನಾವು ಹೆದರುತ್ತೇವೆ. ಹೆದರಬೇಕಾದ್ದು ಆ ಶಬ್ದಕ್ಕಲ್ಲ, ಮೂರನೇ ಗೇರಿನ ನರಳಾಟಕ್ಕೆ. ಗಾಡಿ ಹಗುರವಾಗಿ ಗುಂಯ್‌ಗುಡುತ್ತಾ, ಎಕ್ಸಲೇಟರ್ ಇನ್ನೂ ಸ್ವಲ್ಪ ಬಾಕಿ ಇರುವ ಹಾಗೆ ಹತ್ತುತ್ತಿದ್ದರೆ ಅದೇ ಸರಿಯಾದ ಗೇರು. ಎಷ್ಟು ತಿರುವಿದರೂ ವೇಗ ಏರದಿದ್ದರೆ ಇಳಿಸಿ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಗೇರ್ ಇಳಿಸುವ ಬದಲು ಕ್ಲಚ್ ಅರ್ಧ ಹಿಡಿದು ರೈಸ್ ಮಾಡಿದೆ. ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಸುಟ್ಟವು.

ಮೂಟೆ ಕಟ್ಟುವುದರಲ್ಲೂ ಕಾಕನದ್ದು ಒಂದು ಕ್ರಮ ಇತ್ತು. ಭಾರದ್ದು ಕೆಳಗೆ, ಆದಷ್ಟು ಸೀಟಿಗೆ ಒತ್ತಿಕೊಂಡು. ಹಿಂದಿನ ಚಕ್ರದಾಚೆ ಭಾರ ನೇತಾಡಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ದಿನಾ ಘಾಟಿ ಓಡಾಡುವ ಕೆಲವರು ಈಗ ಹಿಂದಿನ ಚೈನ್ ಸ್ಪ್ರಾಕೆಟನ್ನು ಒಂದೆರಡು ಹಲ್ಲು ಜಾಸ್ತಿ ಇರುವುದಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಎಳೆತ ಹೆಚ್ಚುತ್ತದೆ, ಬಯಲಿನಲ್ಲಿ ವೇಗವೂ ಮೈಲೇಜೂ ಸ್ವಲ್ಪ ಕಮ್ಮಿಯಾಗುತ್ತದೆ.

ಗೇರೇ ಇಲ್ಲದ ಎಕ್ಸ್‌ಎಲ್ ಇಟ್ಟುಕೊಂಡವರ ಕಥೆ ಬೇರೆ. 1980ರಲ್ಲಿ ಟಿವಿಎಸ್-50 ಬಂದಾಗಿನಿಂದಲೂ ಅದರಲ್ಲಿ ಕ್ಲಚ್ ತಾನಾಗೇ ಹಿಡಿಯುವಂಥದ್ದು. ಏರಿನಲ್ಲಿ ವೇಗ ತೀರಾ ಬಿದ್ದರೆ ಅದು ಜಾರತೊಡಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಇಳಿಸಲು ಗೇರಿಲ್ಲ, ಇಳಿಸಬೇಕಾದ್ದು ಮೂಟೆಯನ್ನೇ. ಎರಡು ಟ್ರಿಪ್ ಮಾಡಿ.

ಮೇಲೆ ಬಂದ ಮೇಲೆ ಕಾದ ಇಂಜಿನ್‌ಗೆ ನೀರು ಸುರಿಯುವವರನ್ನು ಈಗಲೂ ನೋಡುತ್ತೇನೆ. ಬಿಸಿ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ನೆರಳಿಗೆ ಹಾಕಿ ಸುಮ್ಮನೆ ಕೂರಿ, ಹತ್ತು ನಿಮಿಷ ಸಾಕು.

ಕಾಕ ಈಗ ಘಾಟಿ ಹತ್ತುವುದಿಲ್ಲ, ಮಗ ಗೂಡ್ಸ್ ಗಾಡಿಯಲ್ಲಿ ಮೀನು ತರುತ್ತಾನೆ. ಎಂ-80 ಅವರ ಮನೆಯ ಹಿಂದೆ ತಾಡಪಾಲಿನ ಕೆಳಗೆ ನಿಂತಿದೆ. ಕ್ಲಚ್ ಪ್ಲೇಟ್ ಸುಟ್ಟ ವಿಷಯ ಫೋನಿನಲ್ಲಿ ಹೇಳಿದಾಗ ಅವರು ಮೊದಲು ಕೇಳಿದ್ದು ಎಷ್ಟನೇ ತಿರುವು ಎಂದು. ಒಂಬತ್ತು ಎಂದೆ. "ಅಲ್ಲಿ ಒಂದನೇ ಗೇರು ಮಾರಾಯ," ಅಂದರು.